ಒಣಗುಡ್ಡದ ಜಾರಿಕೆ

ನಾನು ಮೊದಲ ಸಲ ಹೊರಟುಹೋದದ್ದು ಸಂತ ಜಾರ್ಜನ ಹಬ್ಬದ ದಿನ. ನಮ್ಮ ಕಡೆ ಆಳುಗಳು ಹೊಸ ಯಜಮಾನನ ಬಳಿ ಕೆಲಸಕ್ಕೆ ನಿಲ್ಲುವುದು ಆ ಹಬ್ಬಕ್ಕೆ, ಬಿಡುವುದು ಮರಗಳೆಲ್ಲ ಬೋಳಾದ ಮೇಲೆ ಬರುವ ಸಂತ ದಿಮಿತ್ರಿಯ ಹಬ್ಬಕ್ಕೆ. ಅಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಭೂಪಟದ ಮೇಲೆ ಕೋಲಿಟ್ಟು, ಡ್ಯಾನ್ಯೂಬ್ ನದಿ ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ನೋಡಿಕೊಂಡು ಬರುತ್ತೇನೆ ಎಂದು ಎದ್ದವನು ಇನ್ನೂ ಆ ತರಗತಿಗೆ ವಾಪಸಾಗಿಲ್ಲ. ಆಮೇಲೆ ತಿರುಗಿದ ಊರು, ಹಿಡಿದ ಕಸುಬು, ಬಿಟ್ಟ ಕಸುಬು ಇವುಗಳ ಸುದ್ದಿ ಇಲ್ಲಿ ಬೇಡ. ಸರ್ಬಿಯಾದ ದ್ರೆನ್‌ಪೋಲ್ಯೆ ಪಟ್ಟಣದಲ್ಲಿ ವಿದೋಸಾವ್ ಎಂಬವನ ಟೈರಿನಂಗಡಿಯಲ್ಲಿ ಕೆಲಸಕ್ಕಿದ್ದಾಗ ನಡೆದದ್ದನ್ನು ಮಾತ್ರ ಸಾರ್ವಜನಿಕರ ಮಾಹಿತಿಗಾಗಿ ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಪುರಸಭೆಯು ತನ್ನ ಒಂದೇ ಒಂದು ಕಾರಿಗೆ ಹೊಸ ಟೈರು ಹಾಕಿಸಲು ತೀರ್ಮಾನಿಸಿತು. ಪುರಾಧ್ಯಕ್ಷ ಬೊಗೊಲ್ಯುಬರಿಗೆ ನಾಲ್ವರು ಕೂಮರಿದ್ದರು. ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು, ಮಗುವಿಗೆ ಹೆಸರಿಡುವಾಗ ಇಗರ್ಜಿಯಲ್ಲಿ ಅದನ್ನು ಎತ್ತಿಕೊಂಡವನು ಕೂಮ. ಒಡಹುಟ್ಟಿದವನ ಮೇಲೆ ಕೋರ್ಟಿಗೆ ಹೋಗಬಹುದು; ಕೂಮನ ಮನಸ್ಸು ನೋಯಿಸುವಂತಿಲ್ಲ. ಟೈರಿನ ಗುತ್ತಿಗೆಯನ್ನು ಒಬ್ಬ ಕೂಮನಿಗೆ ಕೊಟ್ಟರೆ ಉಳಿದ ಮೂವರು ಮುಖ ತಿರುಗಿಸುತ್ತಾರೆ. ಆದರೆ ಕಾರಿಗೂ ಚಕ್ರಗಳು ನಾಲ್ಕೇ. ಆಡಳಿತದಲ್ಲಿ ಇಷ್ಟು ಚೊಕ್ಕವಾದ ಹೊಂದಾಣಿಕೆ ಅಪರೂಪ. ಆದ್ದರಿಂದ ಒಬ್ಬೊಬ್ಬ ಕೂಮನೂ ಒಂದೊಂದು ಟೈರು ಪೂರೈಸತಕ್ಕದ್ದು ಎಂದು ಆಜ್ಞೆಯಾಯಿತು.

ಪೆಟ್ರೋಲ್ ಬಂಕಿನ ಕೂಮ ದಪ್ಪನೆಯದೊಂದು ತಂದ. ಶವಪೆಟ್ಟಿಗೆ ಅಂಗಡಿಯ ಕೂಮ ತನ್ನ ಹೆಣದ ಗಾಡಿಗೆಂದು ತರಿಸಿಟ್ಟಿದ್ದನ್ನು ಬಿಟ್ಟುಕೊಟ್ಟ. ಕೋಳಿ ಫಾರಮ್ಮಿನ ಕೂಮನದು ವ್ಯಾನಿನ ಟೈರು. ಸಾಂಸ್ಕೃತಿಕ ಭವನದ ನಿರ್ದೇಶಕನಾದ ಕೂಮ, ಹಂಗೇರಿಯಲ್ಲಿರುವ ಭಾವಮೈದುನನಿಂದ ಹಿಮಗಾಲದ ಟೈರೊಂದನ್ನು ಜುಲೈ ತಿಂಗಳಲ್ಲಿ ತರಿಸಿದ. ನಾಲ್ಕೂ ಹೊಸವು. ನಾಲ್ಕೂ ಚಕ್ರಕ್ಕೆ ಕೂತವು. ಇದರಲ್ಲಿ ಲೋಪವೇನೂ ಇಲ್ಲ.

"ಯಜಮಾನ್ರೇ, ನಾಲ್ಕೂ ನಾಲ್ಕು ಎತ್ತರ ಇವೆಯಲ್ಲ" ಅಂದೆ.

"ನಿನ್ನ ಕಣ್ಣು ಚೆನ್ನಾಗಿದೆ, ನೆದೆಲ್ಕೊ. ಬಾಯಿ ಚೆನ್ನಾಗಿಲ್ಲ. ಬೋಲ್ಟು ಬಿಗಿ" ಅಂದ ವಿದೋಸಾವ್.

ಕಾರಿನ ಡ್ರೈವರ್ ಮಿಲುತಿನ್ ಬಂದು ನೋಡಿದ. "ಏನ್ರೋ ಇದು? ನನ್ನ ಕಾರು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಬೂಟು ಹಾಕ್ಕೊಂಡು ನಿಂತಿದೆ!"

"ಕೂಮರ ಟೈರು" ಅಂದೆ.

"ಓ" ಎಂದು ಅವನು ಟೋಪಿ ತೆಗೆದ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ.

ಆ ಕಾರಿನಲ್ಲಿ ಚಕ್ರ ಜಾರದಂತೆ ಕಾಯುವ ಯಂತ್ರವೊಂದಿತ್ತು. ಯಾವುದಾದರೂ ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗಿದರೆ ಅದು ಜಾರಿತೆಂದು ನಂಬಿ, ಆ ಚಕ್ರಕ್ಕೆ ಬ್ರೇಕು ಹಾಕಿ, ಇಂಜಿನ್ನಿನ ಉಸಿರು ಅದುಮಿ, ಎದುರಿಗೆ ಹಳದಿ ದೀಪ ಹೊತ್ತಿಸುವುದು ಅದರ ಕೆಲಸ. ಗಿಡ್ಡ ಚಕ್ರ ಎತ್ತರದ ಚಕ್ರದ ಜೊತೆ ಹೋಗಬೇಕಾದರೆ ಜೋರಾಗಿ ತಿರುಗಲೇಬೇಕು. ಹೀಗಾಗಿ ಅಂಗಡಿಯಿಂದ ಹೊರಬಿದ್ದ ಕೂಡಲೇ ದೀಪ ಹೊತ್ತಿತು. ಕಾರಣವು ಊರಿನ ಎಲ್ಲರಿಗೂ, ಕೋಳಿ ಫಾರಮ್ಮಿನ ಕೂಮನಿಗೂ ಸಹ, ಮೊದಲ ದಿನವೇ ಗೊತ್ತಿತ್ತು. ಗೊತ್ತಿಲ್ಲದೆ ಹೀಗೆಲ್ಲ ಆಯಿತೆಂದು ಓದುಗರು ಯಾರ ಮೇಲೂ ಅನುಮಾನಪಡಬಾರದು.

ಸಮತಟ್ಟಾದ ದಾರಿಯಲ್ಲಿ ಕಾರು ಗೊಣಗುತ್ತಾ ಓಡುತ್ತಿತ್ತು. ತೊಂದರೆ ಇದ್ದದ್ದು ಊರಿನ ಮೇಲ್ಗಡೆಯ ಸುವಿ ಬ್ರೆಗ್ ಎಂಬ ಏರಿನಲ್ಲಿ. ಸುವಿ ಬ್ರೆಗ್ ಎಂದರೆ ಒಣಗುಡ್ಡ. ಬೇಸಿಗೆಯಲ್ಲಿ ಅಲ್ಲಿ ಹಲ್ಲಿಗೂ ಒಂದು ಹನಿ ನೀರು ಸಿಗದು. ಅದರ ಅರ್ಧಕ್ಕೆ ಹೋಗುವಷ್ಟರಲ್ಲಿ ಕಾರು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಏರಿನ ತುದಿಯಲ್ಲಿ ಯಗೋದಾ ಅಜ್ಜಿಯ ಮನೆ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಜಿಲ್ಲಾಸ್ಪತ್ರೆಯ ಸರದಿಗಾಗಿ ಎರಡು ವರ್ಷ ಕಾದು, ಕೊನೆಗೆ ಒಂದು ಕಣ್ಣಿಗೆ ದಿನ ಸಿಕ್ಕಿತ್ತು: ಶರತ್ಕಾಲದಲ್ಲಿ, ಸಂತ ಪೆಟ್ಕಾಳ ಹಬ್ಬದ ಮಾರನೆಯ ದಿನ. ಅಂದು ತಪ್ಪಿದರೆ ಹೆಸರು ಸರದಿಯ ಬಾಲಕ್ಕೆ ಹೋಗುತ್ತದೆ. ರೋಗಿಯನ್ನು ಪುರಸಭೆಯ ವಾಹನದಲ್ಲಿ, ಆಕೆಯ ಬಾಗಿಲಿನಿಂದ ಕರೆತರತಕ್ಕದ್ದು ಎಂಬುದು ನಿಯಮ.

"ನಾನೇ ಹಣ್ಣಿಂದ ಬಟ್ಟಿ ಇಳಿಸಿದ ರಾಕಿಯಾ ತಿಳಿಯಾಗಿದೆಯೋ ಕದಡಿದೆಯೋ ಗೊತ್ತಾಗ್ತಿಲ್ಲ ಕಣೋ" ಎಂದು ಅಜ್ಜಿ ನನ್ನೆದುರು ಅತ್ತಿದ್ದಳು. "ಎರಡು ವರ್ಷದಿಂದ ಬರೀ ನಾಲಿಗೇಲೇ ನೋಡ್ತಿದೀನಿ. ದಿನಾ ಎಷ್ಟು ಸಲ ಅಂತ ನೋಡ್ಲಿ?"

ವಿಷಯವು ಪುರಸಭೆಯ ಕಾರ್ಯದರ್ಶಿ ಸ್ಲವೊಯ್ಕಾ ಅವರ ಮುಂದೆ ಬಂತು. ಅವರು ಸ್ವತಃ ಕಾರಿನಲ್ಲಿ ಕೂತು ದೀಪವನ್ನು ಪರಿಶೀಲಿಸಿದರು. ದೀಪದಲ್ಲಿ ಒಂದು ಪುಟ್ಟ ಕಾರು, ಅದರ ಹಿಂದೆ ಹಾವಿನಂತೆ ಎರಡು ಗೆರೆ.

"ಇದು ಎಲ್ಲೋ ನೋಡಿದ ಹಾಗಿದೆಯಲ್ಲ, ಮಿಲುತಿನ್?"

"ಜಾರುವ ರಸ್ತೆ ಅಂತ ಬೋರ್ಡ್ ಹಾಕ್ತಾರಲ್ಲ ಮೇಡಂ, ಅದರಲ್ಲಿ."

"ಅಂದ್ಮೇಲೆ ಇದರಲ್ಲಿ ಟೈರಿನ ಚಿತ್ರ ಎಲ್ಲಿದೆ?"

"ಇಲ್ಲ ಮೇಡಂ."

"ಯಂತ್ರ ಸ್ಪಷ್ಟವಾಗಿ ಹೇಳ್ತಿದೆ. ರಸ್ತೆ ಜಾರ್ತಿದೆ."

ಪುರಾಧ್ಯಕ್ಷರ ಮುಖ ಆ ವಾರದಲ್ಲಿ ಮೊದಲ ಬಾರಿಗೆ ಅರಳಿತು. ರಸ್ತೆಗೆ ಕೂಮರಿಲ್ಲ. ಅದರ ಮೇಲೆ ಯಾವ ಆಪಾದನೆಯನ್ನಾದರೂ ಹೊರಿಸಬಹುದು. ಕೂಡಲೇ ತನಿಖಾ ಸಮಿತಿ ರಚನೆಯಾಯಿತು. ಟೈರಿನ ಬಗ್ಗೆ ಅನುಭವವಿರುವವರು ಬೇಕೆಂದು ನಾಲ್ವರು ಕೂಮರನ್ನೇ ಸದಸ್ಯರನ್ನಾಗಿ ಮಾಡಲಾಯಿತು. ಸಮಿತಿಯು ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಒಣಗುಡ್ಡದ ರಸ್ತೆಯ ಮೇಲೆ ಕಾರು ಓಡಿಸಿತು. ದೀಪ ಹೊತ್ತಿತು. ಮಾರುಕಟ್ಟೆ ಬೀದಿಯಲ್ಲಿ ಓಡಿಸಿತು. ಹೊತ್ತಿತು. ಇಗರ್ಜಿಯ ಅಂಗಳದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಕೋಳಿ ಫಾರಮ್ಮಿನ ಒಳಗೆ, ಎಲ್ಲೆಲ್ಲೂ ಹೊತ್ತಿತು. ನಿಂತಿದ್ದಾಗ ಮಾತ್ರ ಆರಿರುತ್ತಿತ್ತು. ಊರಿನ ಜಾರಿಕೆಯು ಸಾರ್ವತ್ರಿಕವಾದುದೆಂದೂ, ಯಾರೂ ಚಲಿಸದಿದ್ದಲ್ಲಿ ಅದು ಸುಪ್ತವಾಗಿರುತ್ತದೆಂದೂ ಸಮಿತಿ ವರದಿ ಕೊಟ್ಟಿತು. ಮಾರನೆಯ ದಿನ ಲೈಟು ಕಂಬಗಳ ಮೇಲೆ ಹೀಗೊಂದು ಪ್ರಕಟಣೆ ಕಾಣಿಸಿತು:

"ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ದ್ರೆನ್‌ಪೋಲ್ಯೆಯ ನೆಲವು ಜಾರುತ್ತಿರುವುದಾಗಿ ಯಂತ್ರೋಪಕರಣದ ಮೂಲಕ ದೃಢಪಟ್ಟಿರುತ್ತದೆ. ಬರಿಗಣ್ಣಿಗೆ ಹಾಗೆ ಕಾಣದಿರುವುದು ಬರಿಗಣ್ಣಿನ ದೋಷವಾಗಿರುತ್ತದೆ. ಆದುದರಿಂದ ಎಲ್ಲರೂ ಹಿಮಗಾಲದ ಪದ್ಧತಿಯಂತೆ ಪಾದರಕ್ಷೆಯ ಮೇಲೆ ಉಣ್ಣೆಯ ಕಾಲುಚೀಲ ಧರಿಸಿ ಸಂಚರಿಸತಕ್ಕದ್ದು. ಜಾರಿ ಬಿದ್ದವರು ಕಚೇರಿಯ ವೇಳೆಯಲ್ಲಿ ಬಂದು ತಿಳಿಸಬೇಕು. ಜಾರಿ ಬೀಳದವರು ಕಾರಣ ತಿಳಿಸಬೇಕು."

ಹಿಮದ ದಿನಗಳಲ್ಲಿ ನಮ್ಮ ಕಡೆಯ ಮುದುಕಿಯರು ಬೂಟಿನ ಮೇಲೆ ಕಾಲುಚೀಲ ಎಳೆದುಕೊಂಡು ಏರು ಹತ್ತುವುದು ಹೊಸದೇನಲ್ಲ. ಆಗಸ್ಟಿನಲ್ಲಿ ಮಾತ್ರ ಅದಕ್ಕೆ ಸ್ವಲ್ಪ ಅಭ್ಯಾಸ ಬೇಕಾಯಿತು. ಮೊದಮೊದಲು ಗುಮಾಸ್ತರು ಧರಿಸಿದರು. ಆಮೇಲೆ ಗುಮಾಸ್ತರಿಂದ ಕೆಲಸವಾಗಬೇಕಾದವರು ಧರಿಸಿದರು. ಅಲ್ಲಿಗೆ ಊರೆಲ್ಲ ಮುಗಿಯಿತು. ಹೋಟೆಲಿನ ಮುಂದೆ ಕಾಫಿ ಕುಡಿಯುವ ಗಂಡಸರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಮನೆಗೆ ಹೊರಡತೊಡಗಿದರು. ಇಬ್ಬರು ನಿಜವಾಗಿಯೂ ಬಿದ್ದರು. ಕಾಲುಚೀಲದಿಂದಾಗಿ. ಇದರಿಂದ ಸಮಿತಿಯ ವರದಿಗೆ ಬಲ ಬಂತು.

ಇದರ ನಡುವೆ ಮಿಲುತಿನ್ ಒಂದು ಸಂಗತಿ ಕಂಡುಹಿಡಿದ. ಕಾರಿನಲ್ಲಿ ಒಂದು ಗುಂಡಿ ಇತ್ತು. ಒತ್ತಿ ಹಿಡಿದರೆ ಆ ಕಾವಲು ಯಂತ್ರ ಮಲಗುತ್ತದೆ, ಕಾರು ಹತ್ತುತ್ತದೆ. ಒಂದು ದಿನ ಹಾಗೆ ಮಾಡಿ ಅಜ್ಜಿಯ ಬಾಗಿಲವರೆಗೂ ಹೋಗಿ, ಒಂದು ಲೋಟ ರಾಕಿಯಾ ಕುಡಿದು, ಕಣ್ಣೊರೆಸಿಕೊಂಡು ಬಂದ. ಸ್ಲವೊಯ್ಕಾ ಅವರು ಅವನನ್ನು ಕರೆಸಿದರು.

"ಹೇಗಯ್ಯ ಹತ್ತಿದೆ?"

"ಗುಂಡಿ ಒತ್ತಿದೆ ಮೇಡಂ."

"ಯಂತ್ರ ಅಪಾಯ ಅಂತ ಕೂಗ್ತಿದೆ, ನೀನು ಅದರ ಬಾಯಿ ಮುಚ್ಚಿದೀಯ. ನಾಳೆ ನನ್ನ ಬಾಯೂ ಮುಚ್ತೀಯಾ?"

"ಅದಕ್ಕೆ ಗುಂಡಿ ಇಲ್ವಲ್ಲ ಮೇಡಂ."

ಆ ಗುಂಡಿಗೆ ಅರಗು ಹಾಕಿ ಪುರಸಭೆಯ ಮುದ್ರೆ ಒತ್ತಲಾಯಿತು. ಮುದ್ರೆ ಒಡೆದರೆ ಕೆಲಸ ಹೋಗುತ್ತದೆ. ಮಿಲುತಿನ್ ಅಂದಿನಿಂದ ಕಾರಿನಲ್ಲಿ ಕೂತು ಆ ಅರಗನ್ನು ಬೆರಳಿನಿಂದ ಸವರುತ್ತಿದ್ದ. ಒತ್ತಲಿಲ್ಲ.

ಸಂತ ಪೆಟ್ಕಾಳ ಹಬ್ಬ ಬಂದೇಬಿಟ್ಟಿತು. ಅಂದು ಪುರಾಧ್ಯಕ್ಷರು, ಕಾರ್ಯದರ್ಶಿ, ಸಮಿತಿ, ಜೊತೆಗೆ ನಾನು, ಕಾಲುಚೀಲ ಧರಿಸಿ ಏರು ಹತ್ತಿ ಅಜ್ಜಿಯ ಮನೆಗೆ ಹೋದೆವು. ಶರತ್ಕಾಲವಾದರೂ ಬೆಂಕಿಯ ಹಾಗೆ ಬಿಸಿಲಿತ್ತು. ಶವಪೆಟ್ಟಿಗೆಯ ಕೂಮ ದಾರಿಯುದ್ದಕ್ಕೂ ನೆಲ ಮುಟ್ಟಿ ನೋಡಿ "ಅಬ್ಬಾ" ಅನ್ನುತ್ತಿದ್ದ.

"ಅಜ್ಜಿ, ನಾಳೆ ಕಾರು ನಿಮ್ಮ ಬಾಗಿಲಿಗೆ ಬರೋಕೆ ಆಗೋದಿಲ್ಲ" ಎಂದರು ಪುರಾಧ್ಯಕ್ಷರು. "ರಸ್ತೆ ತುಂಬಾ ಜಾರುತ್ತೆ."

"ನಾನೇ ಇಳಿದು ಬರ್ತೀನಪ್ಪ. ಈ ನೆದೆಲ್ಕೊ ಕೈ ಹಿಡಿದ್ರೆ ಸಾಕು."

"ಹಾಗಾಗೋಲ್ಲ ಅಜ್ಜಿ" ಎಂದರು ಸ್ಲವೊಯ್ಕಾ. "ಬಾಗಿಲಿನಿಂದ ಕರೆತರಬೇಕು ಅಂತ ಇದೆ. ಬಾಗಿಲಿಗೆ ಬಂದಿದ್ದೀವಿ ಅಂತ ಮಿಲುತಿನ್ ಸಹಿ ಹಾಕಬೇಕು. ಸುಳ್ಳು ಸಹಿಗೆ ನಮ್ಮಲ್ಲಿ ಅವಕಾಶವಿಲ್ಲ."

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಎರಡು ವರ್ಷ ಕಾದಿದೀನಲ್ರೋ, ಮೂಗಿನ ಮುಂದೆ ಏನಿದೆ ಅಂತ ಕಾಣದೆ! ನಿಮಗೆ ಬಾಗಿಲು ತಾನೇ ಬೇಕು? ತಗೊಂಡು ಹೋಗ್ರೋ ಬಾಗಿಲನ್ನ!"

ಸಿಟ್ಟಿನಿಂದ ಹೇಳಿದ ಮಾತು ಅದು. ಆದರೆ ಸ್ಲವೊಯ್ಕಾ ಅವರು ತಲೆ ಓರೆ ಮಾಡಿ ಯೋಚಿಸಿದರು. "ನಿಯಮದಲ್ಲಿ ಮನೆ ಅಂತ ಇಲ್ಲ. ಬಾಗಿಲು ಅಂತ ಮಾತ್ರ ಇದೆ."

ಬೆಳಿಗ್ಗೆ ನಾನು ಚೌಕಟ್ಟಿನ ಸಮೇತ ಬಾಗಿಲನ್ನು ಬಿಚ್ಚಿದೆ. ನಾಲ್ವರು ಕೂಮರು ಹೆಗಲು ಕೊಟ್ಟರು. ಅಭ್ಯಾಸಬಲದಿಂದ ಶವಪೆಟ್ಟಿಗೆಯ ಕೂಮ ಮುಂದೆ ನಡೆದ. ದಾರಿಯಲ್ಲಿ ಸಿಕ್ಕವರು ಶಿಲುಬೆಯ ಗುರುತು ಮಾಡಿಕೊಂಡು ಪಕ್ಕಕ್ಕೆ ಸರಿದರು. ಏರಿನ ಬುಡದಲ್ಲಿ, ಕಾರಿನ ಪಕ್ಕದಲ್ಲಿ, ಬಾಗಿಲನ್ನು ನೆಟ್ಟಗೆ ನಿಲ್ಲಿಸಿ ಎರಡು ಕಡೆಯಿಂದ ಮರದ ಆಸರೆ ಕೊಟ್ಟೆವು. ಮನೆಯ ಸಂಖ್ಯೆ ಬರೆದ ನೀಲಿ ತಗಡು ಬಿಸಿಲಿಗೆ ಹೊಳೆಯಿತು. ಅಜ್ಜಿ ನನ್ನ ಕೈ ಹಿಡಿದು ಗುಡ್ಡ ಇಳಿದಳು; ಒಂದು ಸಲವೂ ಜಾರಲಿಲ್ಲ, ಆದರೆ ಆ ಬಗ್ಗೆ ಕಾರಣವನ್ನು ಯಾರೂ ಕೇಳಲಿಲ್ಲ. ಹಿಂದುಗಡೆಯಿಂದ ಬಂದು ಬಾಗಿಲು ತೆರೆದು ಹೊರಬಂದಳು. ತಿರುಗಿ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಿಲುತಿನ್ ಸಹಿ ಹಾಕಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕೆಲವು ದಿನದ ನಂತರ ಕಾರು ಹಳದಿ ದೀಪ ಹೊತ್ತಿಸಿಕೊಂಡು ಅಜ್ಜಿಯನ್ನು ವಾಪಸು ತಂದಿತು. ಒಂದು ಕಣ್ಣಿನ ಪಟ್ಟಿ ತೆಗೆದಿದ್ದರು. ಪುರಸಭೆಯವರೆಲ್ಲ ಏರಿನ ಬುಡದ ಬಾಗಿಲ ಬಳಿ, ನಮ್ಮ ಪದ್ಧತಿಯಂತೆ ಬ್ರೆಡ್ಡು, ಉಪ್ಪು ಹಿಡಿದು ಸ್ವಾಗತಕ್ಕೆ ನಿಂತಿದ್ದರು. ಕಾರಿನಿಂದಿಳಿದ ಅಜ್ಜಿ ಮೊದಲು ಆಕಾಶ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡು "ಅಯ್ಯೋ, ಇಷ್ಟು ಮುದಿಯಾಗಿದೀನಾ" ಅಂದಳು. ಆಮೇಲೆ ಬಗ್ಗಿದಳು. ಮುಂದಿನ ಟೈರು ನೋಡಿದಳು. ಹಿಂದಿನದು ನೋಡಿದಳು. ಕೋಲೂರಿಕೊಂಡು ಆ ಬದಿಗೂ ಹೋಗಿ ಬಂದಳು.

"ಮಿಲುತಿನ್, ಈ ನಾಲ್ಕೂ ಒಂದೇ ತಾಯಿ ಮಕ್ಕಳಲ್ಲ ಕಣೋ" ಅಂದಳು.

ಕೂಮರು ತಮ್ಮ ತಮ್ಮ ಕಾಲುಚೀಲ ಸರಿಮಾಡಿಕೊಂಡರು. ಮಿಲುತಿನ್ ಅರಗಿನ ಕಡೆ ನೋಡಿದ. ನಾನು ಮಾತ್ರ, ದೇವರಾಣೆ, ಬೇಸಿಗೆಯಿಂದ ಕಾಯುತ್ತಿದ್ದ ಮಾತು ಒಬ್ಬರ ಬಾಯಿಂದಾದರೂ ಬಂತಲ್ಲ ಎಂದು ನಗತೊಡಗಿದ್ದೆ.

ಸ್ಲವೊಯ್ಕಾ ಅವರು ಮೃದುವಾಗಿ ಹೇಳಿದರು: "ಅಜ್ಜಿ, ಇನ್ನೊಂದು ಕಣ್ಣು ಸರದಿಯಲ್ಲಿದೆ. ಎರಡು ವರ್ಷದಲ್ಲಿ ಬರುತ್ತೆ. ಅದಕ್ಕೂ ಇದೇ ಕಾರು."

ಅಜ್ಜಿ ಒಳ್ಳೆಯ ಕಣ್ಣಿನಿಂದ ಸ್ಲವೊಯ್ಕಾ ಅವರನ್ನು ನೋಡಿದಳು. ಕಾಲುಚೀಲ ಹಾಕಿಕೊಂಡು ಸಾಲಾಗಿ ನಿಂತ ಕೂಮರನ್ನು ನೋಡಿದಳು. ಒಣಗಿ ಬಿರುಕುಬಿಟ್ಟ ರಸ್ತೆಯನ್ನು ನೋಡಿದಳು. ಬ್ರೆಡ್ಡು ಮುರಿದು ಉಪ್ಪಿಗೆ ಅದ್ದಿ ನಿಧಾನವಾಗಿ ತಿಂದಳು.

"ನನ್ನ ಕಾಲುಚೀಲ ಎಲ್ಲಿ?" ಅಂದಳು. "ಇಲ್ಲಿ ಜಾರುತ್ತೆ."

ಚಪ್ಪಾಳೆಯಾಯಿತು. ಅಜ್ಜಿ ಕೀಲಿ ತೆಗೆದು ಬಾಗಿಲು ತೆರೆದು, ಒಳಗೆ ಹೋಗಿ, ಮತ್ತೆ ಮುಚ್ಚಿಕೊಂಡು, ಆಚೆಯಿಂದ ಗುಡ್ಡ ಹತ್ತಿದಳು. ಮೇಲೆ ಮನೆಗೆ ಕಂಬಳಿಯ ಪರದೆ ಕಟ್ಟಿಕೊಟ್ಟೆ. ಎರಡನೆಯ ಕಣ್ಣು ಮುಗಿಯುವವರೆಗೆ ಬಾಗಿಲು ಕೆಳಗೇ ಇರತಕ್ಕದ್ದು ಎಂದು ಆಜ್ಞೆಯಾಗಿದೆ. ಅಂಚೆಯವನಿಗೆ ಅನುಕೂಲವಾಯಿತು. ಅಜ್ಜಿಯನ್ನು ನೋಡಲು ಬರುವ ನೆಂಟರು ಮೊದಲು ಅಲ್ಲಿ ಕದ ತಟ್ಟಿ, ಅವಳು ಮೇಲಿಂದ "ಬನ್ನಿ" ಎಂದು ಕೂಗಿದ ಮೇಲೆ ಹತ್ತುತ್ತಾರೆ. ಏರಿನ ಮೇಲಿನ ಉಳಿದ ಮನೆಗಳವರೂ ತಮ್ಮ ಬಾಗಿಲುಗಳನ್ನು ಕೆಳಗಿಳಿಸಲು ಅರ್ಜಿ ಹಾಕಿದ್ದಾರೆ.

ಸ್ವಾಗತ ಮುಗಿದ ಮೇಲೆ ಪುರಾಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಕ್ಕಿದ್ದು ನೋಡಿದೆ ಕಣೋ, ನೆದೆಲ್ಕೊ. ನಗುಮುಖದವನು ಬೇಕು ನನಗೆ. ಮಗಳಿಗೆ ಗಂಡುಮಗು ಆಗಿದೆ. ನೀನು ಕೂಮ ಆಗ್ಬೇಕು."

ಕೂಮನಾಗೆಂದು ಕರೆದರೆ ಒಲ್ಲೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಕೇಳಿದೆ: "ನಾನು ಊರೂರು ಅಲೆಯೋನು, ಸ್ವಾಮಿ. ನಾನ್ಯಾಕೆ?"

"ಕಾರಿನ ಸ್ಟೆಪ್ನಿ ಇನ್ನೂ ಹಳೇದೇ ಇದೆಯಲ್ಲ" ಎಂದರು ಪುರಾಧ್ಯಕ್ಷರು, ಪ್ರೀತಿಯಿಂದ. "ಅದು ನಿಂದು."

ವಿದೋಸಾವ್ ಆ ಸಂಜೆ ಹಳೆಯ ಚಕ್ರವೊಂದನ್ನು ಒಂದೇ ಸಮನೆ ಬಡಿಯುತ್ತಿದ್ದ. ಕೊನೆಗೆ ಸುತ್ತಿಗೆ ಕೆಳಗಿಟ್ಟು, "ಹುಟ್ಟಿದಾಗಿನಿಂದ ಈ ಊರಲ್ಲಿ ಟೈರು ಹಾಕ್ತಿದೀನಿ. ಕೂಮ ಆಗು ಅಂತ ನನ್ನ ಒಂದು ಸಲಾನೂ ಕೇಳಲಿಲ್ಲ" ಅಂದ. ಆಮೇಲೆ ಬಾಗಿಲ ಕಡೆ ಕೈ ತೋರಿಸಿದ. "ಹೋಗು, ಒಳ್ಳೇ ಟೈರು ನೋಡಿ ತಗೋ. ಸ್ವಲ್ಪ ಗಿಡ್ಡ ಇದ್ರೂ ನಡೆಯುತ್ತೆ."

ಮಗುವನ್ನು ಇಗರ್ಜಿಗೆ ಒಯ್ಯುವುದು ಸಂತ ದಿಮಿತ್ರಿಯ ಹಬ್ಬದಂದು ಎಂದು ನಿಗದಿಯಾಯಿತು. ಕೂಮನಾದ ಮೇಲೆ ಆ ಟೈರುಗಳ ಬಗ್ಗೆ ನಗುವುದೂ ತಪ್ಪಾಗುತ್ತದೆ. ಆಳುಗಳು ಬಿಟ್ಟುಹೋಗುವ ಹಬ್ಬ ಅದು. ಹಬ್ಬದ ಬೆಳಿಗ್ಗೆ ನಾನೂ ಚೀಲ ಕಟ್ಟಿದೆ. ಎರಡು ಅಂಗಿ, ಒಂದು ತುಂಡು ಒಣಮಾಂಸ, ಅಜ್ಜಿ ಕಳಿಸಿದ ಒಂದು ಬಾಟಲಿ ರಾಕಿಯಾ. ಬೆಳಕಿಗೆ ಹಿಡಿದು ನೋಡಿದೆ, ತಿಳಿಯಾಗಿತ್ತು. ಇಗರ್ಜಿಯ ಗಂಟೆ ಹೊಡೆಯತೊಡಗಿತ್ತು. ಹೊರಗೆ ರಸ್ತೆ ಹಪ್ಪಳದ ಹಾಗೆ ಒಣಗಿ ಬಿದ್ದಿತ್ತು. ಹೊಸ್ತಿಲಲ್ಲಿ ಕೂತು, ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡು ಗಂಟು ಹಾಕಿದೆ. ಊರ ಗಡಿಯ ಫಲಕ ದಾಟುವವರೆಗೆ ನಾನೂ ಅಲ್ಲಿನ ನಾಗರಿಕನೇ ತಾನೇ.