ಹಿಂದಿನ ಸೀಟಿನ ಭಾರ

ತೊಂಬತ್ತೆಂಟರ ಮಳೆಗಾಲದ ಒಂದು ಮಂಗಳವಾರ ಸಂಜೆ ನಾನು ಪುಂಜಾಲಕಟ್ಟೆ ಪೇಟೆಯಲ್ಲಿ, ಶೀನಣ್ಣನ ಹೋಟೆಲಿನ ಎದುರು, ರಸ್ತೆಯ ಎಡಬದಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ನನ್ನ ಕಾರೂ ನಿಂತಿತ್ತು. ನಾನು ಬೆಳ್ತಂಗಡಿಯ ಶಾಲೆ ಮುಗಿಸಿ ಬಂಟ್ವಾಳದ ಮನೆಗೆ ಹೊರಟವನು. ಕಾರು ಮಾತ್ರ ಬೆಳ್ತಂಗಡಿಯ ಕಡೆಗೇ ಮುಖ ಮಾಡಿತ್ತು. ಇದು ಹೇಗಾಯಿತೆಂದು ಹಲವರು ಹಲವು ರೀತಿ ಹೇಳುತ್ತಾರೆ. ಒಳಗೆ ಕುಳಿತಿದ್ದವನು ನಾನೊಬ್ಬನೇ ಆದುದರಿಂದ ನನ್ನ ಹೇಳಿಕೆಗೆ ಸ್ವಲ್ಪ ಬೆಲೆ ಇರಬೇಕು. ಆದರೆ ಮುಖ್ಯವಾದ ಕ್ಷಣದಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಹಳೆಯ ವಿದೇಶಿ ಕಾರು, ಘಟ್ಟದ ಎಸ್ಟೇಟಿನವರೊಬ್ಬರು ಮಾರಿದ್ದು. ಅದರ ಹೊಟ್ಟೆಯಡಿಯಲ್ಲಿ ಹಿಂದಿನ ಬ್ರೇಕಿನದೊಂದು ವಾಲ್ವು ಇತ್ತು. ಹಿಂದಿನ ಸೀಟಿನಲ್ಲಿ ಜನ ಕುಳಿತು ಕಾರು ತಗ್ಗಿದರೆ ಅದು ಹಿಂದಿನ ಚಕ್ರಗಳಿಗೆ ಬ್ರೇಕನ್ನು ಧಾರಾಳವಾಗಿ ಬಿಡುತ್ತದೆ; ಸೀಟು ಖಾಲಿಯಿದ್ದರೆ ಕಡಿಮೆ ಮಾಡುತ್ತದೆ. ಖಾಲಿ ಕಾರಿನ ಹಿಂದಿನ ಚಕ್ರಗಳಿಗೆ ಪೂರ್ತಿ ಬ್ರೇಕು ಬಿದ್ದರೆ ಅವು ಜಾರಿ, ಕಾರಿನ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ಹೊರಡುತ್ತದಂತೆ. ನನ್ನ ಹೆಂಡತಿ ಸುಮತಿ ಇದ್ದಾಗ ವಾಲ್ವಿಗೆ ಈ ಚಿಂತೆ ಇರಲಿಲ್ಲ. ಅವಳು ಕಿಟಕಿಯಿಂದ ತಲೆ ಹೊರಹಾಕಿ, ಬಸ್ಸಿಗೆ ಕಾಯುವವರನ್ನೆಲ್ಲ "ಬನ್ನಿ ಬನ್ನಿ, ಜಾಗ ಉಂಟು" ಎಂದು ಕರೆಯುತ್ತಿದ್ದಳು. ಜಾಗ ಇರುತ್ತಿರಲಿಲ್ಲ. ಆದರೂ ಹತ್ತುತ್ತಿದ್ದರು. ಅವಳು ತೀರಿಕೊಂಡ ಮೇಲೆ, ಪಾಪ ಮಾಷ್ಟ್ರಿಗೆ ಯಾಕೆ ತೊಂದರೆ ಎಂದು ಅದೇ ಜನ ನನ್ನ ಕಾರು ಕಂಡರೆ ಆಚೆ ನೋಡತೊಡಗಿದರು. ಕರೆಯಲು ನನಗೂ ಬರುವುದಿಲ್ಲ. ಹಿಂದಿನ ಸೀಟು ಖಾಲಿಯಾಗಿದೆ ಎಂಬುದನ್ನು ದಿನವೂ ತಪ್ಪದೆ ಗಮನಿಸುತ್ತಿದ್ದದ್ದು ಆ ವಾಲ್ವು ಒಂದೇ. ಕೊನೆಗೆ ಅದೂ ತುಕ್ಕು ಹಿಡಿದು ಸೋರತೊಡಗಿತು.

ಬೆಳ್ತಂಗಡಿಯ ಮೆಕ್ಯಾನಿಕ್ ಅಬ್ಬಾಸ್ ಆಗಷ್ಟೇ ಕೆಲವು ವರ್ಷ ಗಲ್ಫಿನಲ್ಲಿದ್ದು ಮರಳಿ ಗ್ಯಾರೇಜು ತೆರೆದಿದ್ದ. ಕಾರಿನಡಿಗೆ ನುಗ್ಗಿದವನು ಅಲ್ಲಿಂದಲೇ ಕೂಗಿದ: "ಇದು ಈಗ ಎಲ್ಲಿ ಸಿಗ್ತದೆ ಮಾಷ್ಟ್ರೇ? ತೆಗೆದು ನೇರ ಪೈಪು ಕೊಡುವ. ಹಿಂದೆ ಖಾಲಿ ಇದ್ರೆ ಮಾತ್ರ ಡೇಂಜರ್. ನಿಮ್ಮ ಕಾರು ಖಾಲಿ ಇದ್ದದ್ದನ್ನು ನಾನು ಕಂಡದ್ದೇ ಇಲ್ಲ! ಅಕ್ಕ ನನ್ನನ್ನೂ ಒಮ್ಮೆ ಮೂಡುಬಿದಿರೆವರೆಗೆ ಯಾರದ್ದೋ ಮಡಿಲಲ್ಲಿ ಕೂರಿಸಿ ಕರ್ಕೊಂಡು ಹೋಗಿದ್ರು. ಹೇಗಿದ್ದಾರೆ?"

ಕಾರಿನಡಿಯಿಂದ ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು ಮಾತ್ರ. ಪಾದಗಳಿಗೆ ಅಂಥ ಸುದ್ದಿ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. "ಹಾಂ" ಎಂದೆ. ಅವನು ಪೈಪು ಜೋಡಿಸಿದ.

ಆ ಮಂಗಳವಾರ ಸಂಜೆ ಪುಂಜಾಲಕಟ್ಟೆಯಲ್ಲಿ ನಾಯಿಯೊಂದು ಅಡ್ಡ ಬಂತು. ಬ್ರೇಕು ತುಳಿದೆ. ಕಣ್ಣು ಬಿಟ್ಟಾಗ ನಾಯಿ ಶೀನಣ್ಣನ ಜಗಲಿಯಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಹಿಂದೆ ಬರುತ್ತಿದ್ದ ಬಸ್ಸು ಈಗ ನನ್ನ ಎದುರಿಗಿತ್ತು, ಪುಣ್ಯಕ್ಕೆ ನಿಂತಿತ್ತು. ಹೋಟೆಲಿನಿಂದ ಶೀನಣ್ಣ ಓಡಿಬಂದು ನನ್ನನ್ನು ಬಿಟ್ಟು ಹಿಂದಿನ ಬಾಗಿಲಿಗೆ ಕೈ ಹಾಕಿದರು.

"ಹಿಂದೆ ಇದ್ದವರಿಗೆ ಎಂತಾದ್ರೂ ಆಯ್ತಾ?"

"ಹಿಂದೆ ಯಾರೂ ಇಲ್ಲ," ಎಂದೆ. ಸುಮತಿ ಹೋದ ಎರಡು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಗ್ಯಾರೇಜಿಗೆ ಫೋನು ಹೋಯಿತು, ಅಬ್ಬಾಸ್ ಸಿಕ್ಕಿದ ಜೀಪು ಹತ್ತಿ ಬಂದ. ಅಷ್ಟರಲ್ಲಿ ಶೀನಣ್ಣ ಅವನಿಗೆ ಫೋನಿನಲ್ಲೇ, ಸುಮತಿ ತೀರಿಕೊಂಡದ್ದನ್ನೂ ಸೇರಿಸಿ, ಎಲ್ಲ ಹೇಳಿದ್ದರು. "ಹೇಳ್ಬಾರ್ದಾ ಮಾರಾಯ್ರೇ! ನನ್ನ ಕೈಯಿಂದ ನಿಮ್ಮನ್ನು ಕೊಲ್ಲಿಸ್ತಿದ್ರಿ!" ಎಂದು ಬೈದು, ಆಚೆ ತಿರುಗಿ ಕಣ್ಣು ಒರೆಸಿಕೊಂಡ. ಬೇರೆ ವಾಲ್ವು ಹುಡುಕುವವರೆಗೆ ಹಿಂದೆ ಭಾರ ಬೇಕೇ ಬೇಕು ಎಂದ. ಶೀನಣ್ಣ ರಸ್ತೆಗೆ ಕೂಗಿದರು: "ಬಂಟ್ವಾಳಕ್ಕೆ ಯಾರಿದ್ದೀರಿ? ಜಾಗ ಉಂಟು!" ಆಗಷ್ಟೇ ಬುಗುರಿಯಂತೆ ತಿರುಗಿದ ಕಾರಿಗೆ ಯಾರು ಹತ್ತುತ್ತಾರೆ? ಬಸ್ಸಿಗೆ ಕಾಯುತ್ತಿದ್ದ ಒಣಮೀನಿನ ಕಲ್ಯಾಣಿಯಕ್ಕ ಮಾತ್ರ ಬುಟ್ಟಿ ಎತ್ತಿಕೊಂಡು ಬಂದರು.

"ನಾನು ಸಾಕಾ?"

ಅಬ್ಬಾಸ್ ಅವರನ್ನು ಮೇಲಿಂದ ಕೆಳಗೆ ನೋಡಿದ. "ಸಾಲದು. ನಾನೂ ಬರ್ತೇನೆ."

"ಇವನ ಮಡಿಲಲ್ಲಿ ನನ್ನ ಬುಟ್ಟಿ ಇರಲಿ. ಮಾಷ್ಟ್ರೇ, ಮೆಲ್ಲ ಬಿಡಿ. ನನಗೆ ಇನ್ನೂ ಬೇಕಾದಷ್ಟು ಜಗಳ ಬಾಕಿ ಉಂಟು."

ಮರುದಿನ ಬೆಳಿಗ್ಗೆ ಕಲ್ಯಾಣಿಯಕ್ಕ ನನ್ನ ಗೇಟಿನ ಎದುರು ತುಂಬಿದ ಬುಟ್ಟಿಯೊಂದಿಗೆ, ಭಾರಕ್ಕಿರಲಿ ಎಂದು ತಂಗಿಯನ್ನೂ ಕರೆದುಕೊಂಡು ನಿಂತಿದ್ದರು. ಮುಂದಿನ ಸ್ಟಾಪುಗಳಲ್ಲಿ ಅವರೇ ಕಿಟಕಿಯಿಂದ ತಲೆ ಹೊರಹಾಕಿದರು. ಜಾಗ ಇರಲಿಲ್ಲ. ಜನ ಹತ್ತಿದರು, ಮೂಗು ಮುಚ್ಚಿಕೊಂಡು.

ಅಂದು ಇದನ್ನು ಕಂಡವರಲ್ಲಿ ಶೀನಣ್ಣ ಈಗಿಲ್ಲ. ಬಸ್ಸಿನ ಡ್ರೈವರ್ ಯಾರೆಂದು ನಾನು ಕೇಳಿಕೊಳ್ಳಲಿಲ್ಲ. ನಾಯಿಯೂ ಹೋಗಿರಬೇಕು. ಉಳಿದಿರುವವರು ಕಲ್ಯಾಣಿಯಕ್ಕ. ಸಂದೇಹವಿದ್ದವರು ಅವರನ್ನೇ ಕೇಳಬಹುದು. ಬೆಳಿಗ್ಗೆ, ಸಂಜೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಸಿಗುತ್ತಾರೆ. ತಾನು ಕೂತದ್ದರಿಂದಲೇ ಮಾಷ್ಟ್ರ ಜೀವ ಉಳಿದಿದೆ ಎಂದು ಅವರು ಹೇಳುತ್ತಾರೆ, ನಾನು ಹೌದೆನ್ನುತ್ತೇನೆ. ಮೂಡುಬಿದಿರೆಯ ಗುಜರಿ ಅಂಗಡಿಯಲ್ಲಿ ವಾಲ್ವು ಸಿಕ್ಕಿ, ಅಬ್ಬಾಸ್ ಅದನ್ನು ಆ ವಾರವೇ ಜೋಡಿಸಿದ್ದು ನನಗೂ ಅವನಿಗೂ ಮಾತ್ರ ಗೊತ್ತು. ದಯವಿಟ್ಟು ಅದೊಂದನ್ನು ಅವರಲ್ಲಿ ಕೇಳಬೇಡಿ.