ಕಾಕಾ ಮೌಸು ಬಿಚ್ಚಿದ್ದು

ನಮ್ಮ ಕಾಕಾನ ಕೈಗೆ ಸಿಕ್ಕ ಯಾವ ವಸ್ತುವೂ ಇದುವರೆಗೆ ಸತ್ತಿಲ್ಲ. ಹಾಗಂತ ಬದುಕಿದೆ ಅಂತಲೂ ಹೇಳಲಾರೆ! ದೇವದುರ್ಗದ ಬೀಗರ ಮನೆಯ ಕರೆಗಂಟೆ ರಿಪೇರಿ ಮಾಡಿ ಬಂದರು. ಈಗ ಅಡುಗೆಮನೆಯ ದೀಪ ಹಾಕಿದರೆ ಗಂಟೆ ಬಡಿದುಕೊಳ್ಳುತ್ತದೆ, ಬೀಗರು ಎದ್ದುಹೋಗಿ ಬಾಗಿಲು ತೆಗೆಯುತ್ತಾರೆ. ಮಾನ್ವಿಯಲ್ಲಿರುವ ಮಗಳ ಮಿಕ್ಸಿ ಬಂದ್ ಮಾಡಿದರೆ ತಿರುಗುತ್ತದೆ, ಚಾಲೂ ಮಾಡಿದರೆ ನಿಲ್ಲುತ್ತದೆ. ಅವಳು ಒಗ್ಗಿಕೊಂಡಿದ್ದಾಳೆ, ಅಳಿಯ ಇನ್ನೂ ಒಗ್ಗಿಲ್ಲ.

ಕಾಕಾನ ಸ್ಕ್ರೂಡ್ರೈವರನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. "ಮುಟ್ಟಬ್ಯಾಡಲೇ, ಕೆಡಸ್ತಿ!" ಎಂದು ನನಗೆ ಚಿಕ್ಕಂದಿನಿಂದಲೂ ತಾಕೀತು. ಕೆಡಿಸುವವರು ಯಾರು ಸ್ವಾಮಿ?

ಮೊನ್ನೆ ರಾಯಚೂರಿನ ಅವರ ಮನೆಗೆ ಹೋದರೆ ಕಾಕಾ ಕಂಪ್ಯೂಟರಿನ ಮುಂದೆ ಕೆಂಡವಾಗಿ ಕೂತಿದ್ದರು. ಅದರಲ್ಲಿ ಇಸ್ಪೀಟು ಆಡುವುದು ಅವರ ದಿನಚರಿ. ಒಂದು ಸಲ ಗುಂಡಿ ಒತ್ತಿದರೆ ಮೌಸು ಎರಡು ಸಲ ಒತ್ತಿ, ಬೇಡದ ಎಲೆ ಹಾರಿಹೋಗುತ್ತಿತ್ತಂತೆ.

"ಹೊಸದು ತಗೋರಿ ಕಾಕಾ."

"ಹೊಸದ್ಯಾಕಲೇ? ನಾ ಇನ್ನಾ ಅದೀನಲ್ಲ!"

ಬಿಚ್ಚಿಯೇಬಿಟ್ಟರು. ಗುಂಡಿಯ ಕೆಳಗೆ ಪುಟ್ಟ ಕರಿ ಡಬ್ಬಿ, ಅದರೊಳಗೆ ಉಗುರಿನ ಚೂರಿನಷ್ಟು ತಾಮ್ರದ ಪಟ್ಟಿ. ಮುಚ್ಚಳ ಮೀಟಿದ್ದೇ ತಡ, ಪಟ್ಟಿ ಚಂಗನೆ ಹಾರಿ ಮಾಯ! ಮಂಚದ ಕೆಳಗೆಲ್ಲ ತಡಕಾಡಿದೆವು. ಕೊನೆಗೆ ಸಿಕ್ಕಿದ್ದು, ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ಕಾಕಿಯ ಹಿಟ್ಟಿನಲ್ಲಿ.

"ಇದನ್ನ ತಿಂದಿದ್ರ ನಮ್ಮ ಹೊಟ್ಟಿ ಯಾರು ರಿಪೇರಿ ಮಾಡ್ತಿದ್ರು?" ಅಂದಳು ಕಾಕಿ.

"ನಾನಿಲ್ಲೇನು!" ಅಂದರು ಕಾಕಾ. ಕಾಕಿ ದೂರ ಸರಿದು ಕೂತಳು.

ಪಟ್ಟಿ ಒರೆಸಿ, ಸ್ವಲ್ಪ ಬಗ್ಗಿಸಿ, ಕೂರಿಸಿ ಒತ್ತಿದರು. ಮತ್ತೆ ಎರಡು. ಇನ್ನೊಮ್ಮೆ ಬಿಚ್ಚಿ ಕಟ್ಟಿದರು. ಆಗಲೂ ಎರಡೇ! ನೋಡೋಣ ಅಂತ ನಾನು ಒತ್ತಿದೆ: ಒಂದು. ಕಾಕಿ ಹಿಟ್ಟಿನ ಕೈಯಲ್ಲೇ ಒತ್ತಿದಳು: ಒಂದು. ಕಾಕಾ ಒತ್ತಿದರು: ಎರಡು.

"ಇದೇನಲೇ, ಈ ಮೌಸಿಗೆ ಮನಷ್ಯಾರ ಗುರ್ತು ಹತ್ತತದೇನು?"

ನನಗೂ ತಲೆ ಕೆಟ್ಟುಹೋಯಿತು. ಇದ್ಯಾವ ಸೀಮೆಯ ಯಂತ್ರ? ಆಗ ಕಂಡಿತು. ಒತ್ತದೆ ಸುಮ್ಮನೆ ಗುಂಡಿಯ ಮೇಲಿಟ್ಟಿದ್ದರೂ ಕಾಕಾನ ಬೆರಳು ಸಣ್ಣಗೆ ನಡುಗುತ್ತಿತ್ತು. ಕಾಕಿಗೂ ಕಂಡಿತು. ನಮ್ಮಿಬ್ಬರ ಮುಖ ನೋಡಿದ ಕಾಕಾ, ತಮ್ಮ ಬೆರಳನ್ನೂ ನೋಡಿಕೊಂಡರು.

"ಮೌಸೇ ಖರಾಬ್ ಅದ ಕಾಕಾ," ಅಂದೆ ಗಡಬಡಿಸಿ.

ಎಂದೂ ನನ್ನ ಮಾತು ಒಪ್ಪದ ಮನುಷ್ಯ ಅಂದು ಒಪ್ಪಿಬಿಟ್ಟರು. "ಹೂಂ, ಖರಾಬ್ ಅದ. ಇನ್ನೊಮ್ಮಿ ಬಿಚ್ಚೋಣು." ಸ್ಕ್ರೂಡ್ರೈವರನ್ನು ನನ್ನತ್ತ ಚಾಚಿದರು. "ನೀ ತಿರುವು. ನಾ ಹೇಳ್ತೀನಿ."

ತೆಗೆದುಕೊಂಡೆ. ಅದರ ಹಿಡಿ ಇನ್ನೂ ಬೆಚ್ಚಗಿತ್ತು. ಏನೂ ಕೆಡದ ಆ ಮೌಸನ್ನು, ಅವರು ಹೇಳಿದ ಹಾಗೆಯೇ, ನಾನು ಬಿಚ್ಚತೊಡಗಿದೆ.