ಬಗ್ಗಿದವಳಿಗೆ ಗುದ್ದು ಹೆಚ್ಚು

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಗಾದೆ ಕಟ್ಟಿದ ಮಹಾಶಯನಿಗೆ ಮಕ್ಕಳಿರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಗುದ್ದನ್ನು ಒಂದಕ್ಕೇ ನಿಲ್ಲಿಸುತ್ತಿರಲಿಲ್ಲ. ನಾನು ಬೆಳಿಗ್ಗೆ ಏಳರಿಂದ ಎಂಟರೊಳಗೆ ನಲವತ್ತು ಸಲ ಬಗ್ಗುತ್ತೇನೆ. ಮಂಚದಡಿಯ ಒಂಟಿ ಕಾಲುಚೀಲಕ್ಕೊಮ್ಮೆ, ಅದರ ಜೋಡಿಗೆ ಇನ್ನೊಮ್ಮೆ, "ಶೂ ಹಾಕ್ಕೊಳ್ಳಲ್ಲ" ಎಂದು ಕಾಲು ಮಡಚಿ ಕೂತ ನಾಲ್ಕು ವರ್ಷದ ಕಿರಿಮಗಳು ಚಿನಕುರುಳಿಗಾಗಿ ಮಿಕ್ಕಷ್ಟೂ ಸಲ. ಆಮೇಲೆ ಗ್ರಂಥಾಲಯಕ್ಕೆ ಓಟ. ನಾನು ಅಲ್ಲಿ ಗ್ರಂಥಪಾಲಕಿ. ಇಪ್ಪತ್ತು ವರ್ಷದ ಸೇವೆಯಲ್ಲಿ ನನಗಾದ ಜ್ಞಾನೋದಯವೆಂದರೆ, ಓದುಗ ಮಹಾಪ್ರಭುಗಳಿಗೆ ಬೇಕಾದ ಪುಸ್ತಕ ಯಾವಾಗಲೂ ಕಪಾಟಿನ ತೀರಾ ಕೆಳಗಿನ ಸಾಲಿನಲ್ಲೇ ಇರುತ್ತದೆ.

ಹೀಗಾಗಿ ವರ್ಷಕ್ಕೆ ಮೂರು ಸಲ, ಶಾಲೆಯ ಪರೀಕ್ಷೆಗಳ ಹಾಗೆ, ನನಗೆ ಬೆನ್ನುನೋವು ಬರುತ್ತದೆ. ಉಳಿದ ನೆಂಟರು ಬೆನ್ನು ತೋರಿಸಿ ಹೋದಾರು, ಇದೊಂದು ಮಾತ್ರ ಬೆನ್ನು ಬಿಡದ ಬಂಧು. ಈ ಸಲ ಬಂದದ್ದು ಚಿನಕುರುಳಿಯನ್ನು ಸ್ನಾನದ ತೊಟ್ಟಿಯಿಂದ ಎತ್ತುವಾಗ. 'ಟಕ್' ಎಂದಿತು. ಕಾನ್ವೆಂಟಿನ ಸಿಸ್ಟರುಗಳು ಹನ್ನೆರಡು ವರ್ಷ ಸ್ಕೇಲು ಹಿಡಿದು "ಸ್ಟ್ರೈಟ್! ಸ್ಟ್ರೈಟ್!" ಎಂದು ನೇರ ಮಾಡಿದ್ದ ಬೆನ್ನು ಅರೆಗಳಿಗೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಯಿತು.

"ಮತ್ತೆ ಹಿಡ್ಕೊಳ್ತಾ?" ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

"ಇಲ್ಲ, ನೆಲದಲ್ಲಿ ಚಿನ್ನ ಹುಡುಕ್ತಿದೀನಿ."

"ಹಾಗೇ ನನ್ನ ಪೆನ್ನೂ ಇದ್ಯಾ ನೋಡು."

ಹೀಗೆಂದ ಮಾತ್ರಕ್ಕೆ ಅವರು ಕಟುಕರೆಂದು ತಿಳಿಯಬೇಡಿ. ಕರುಣಾಳುಗಳು. ಎಷ್ಟು ಕರುಣಾಳುಗಳೆಂದರೆ ಅರ್ಧ ಗಂಟೆಯೊಳಗೆ ತಮ್ಮ ತಂಗಿಗೆ ಫೋನ್ ಮಾಡಿದರು.

ನನ್ನ ನಾದಿನಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಇನ್ನೂರು ಹುಡುಗಿಯರು ಅವಳ ಕೆಮ್ಮಿಗೆ ಎದ್ದು ನಿಲ್ಲುತ್ತಾರೆ. ಹಿಂದೊಮ್ಮೆ ಮೂರು ದಿನಕ್ಕೆಂದು ಬಂದವಳು ನಮ್ಮ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಬೆಳಿಗ್ಗೆ ಐದಕ್ಕೆ ತಟ್ಟೆ ಬಾರಿಸಿ, ಯಜಮಾನರು ವಾಕಿಂಗಿಗೆ ಹೊರಡಲೂ ರುಜು ಹಾಕಿಸಿಕೊಂಡಿದ್ದಳು. ಮೂರನೇ ದಿನ ನಾನು ನನ್ನದೇ ಅಡುಗೆಮನೆಯ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ?" ಎಂದು ಕೇಳಿದ್ದೆ.

"ಈ ಭಾನುವಾರ ಬಿಟ್ಟು ಮುಂದಿನ ಭಾನುವಾರದಿಂದ ಅವಳಿಗೆ ರಜೆ. ಒಂದು ತಿಂಗಳು ಇದ್ದು ಮನೆ ನೋಡ್ಕೋತಾಳಂತೆ," ಎಂದರು ಯಜಮಾನರು.

ಅವಳು ಮನೆ ನೋಡಿಕೊಳ್ಳುವುದು ಕಡಿಮೆ, ಮನೆಯನ್ನು ನೋಡುವುದು ಜಾಸ್ತಿ. "ಅಷ್ಟರೊಳಗೆ ನಾನು ನೆಟ್ಟಗೆ ನಿಂತ್ರೆ?" ಎಂದೆ.

"ನಿಂತ್ರೆ ಮಾತಾಡ್ಸಿಕೊಂಡು ಹಾಗೇ ಹೊರಟುಹೋಗ್ತಾಳೆ. ನಿಲ್ಲದಿದ್ರೆ ಸೂಟ್‌ಕೇಸ್ ಒಳಗೆ."

ಒಂಬತ್ತು ದಿನ ಉಳಿದಿತ್ತು. ಅವತ್ತೇ ಫಿಸಿಯೋಥೆರಪಿಯ ಡಾಕ್ಟರಮ್ಮನ ಹತ್ತಿರ ತೆವಳಿದೆ. (ವಯಸ್ಸಿನಲ್ಲಿ ನನ್ನ ಕೈಚೀಲಕ್ಕಿಂತ ತುಸು ಹಿರಿಯಳು ಅಷ್ಟೆ.) ಭಾರ ಎತ್ತಬಾರದು, ಬೆಲ್ಟು ಬಿಚ್ಚಬಾರದು, ಎರಡು ಹೊತ್ತೂ ಹದಿನೈದು ನಿಮಿಷ ನೆಲದ ಮೇಲೆ ವ್ಯಾಯಾಮ ತಪ್ಪಿಸಬಾರದು ಎಂದು ಅಪ್ಪಣೆಯಾಯಿತು. ನಾನೂ ಟೊಂಕ ಕಟ್ಟಿ ನಿಂತೆ. (ಇದು ಅಲಂಕಾರವಲ್ಲ. ನಾಲ್ಕು ಪಟ್ಟಿ, ಎರಡು ಬಕಲ್ಲು.)

ಆದರೆ ನೆಲದ ಮೇಲೆ ಮಲಗಿದ ತಾಯಿ ಸಾರ್ವಜನಿಕ ಆಸ್ತಿ. ಮೊದಲ ದಿನವೇ ಹತ್ತು ವರ್ಷದ ಹಿರಿಮಗಳು ಹಾಜರು. ವಾದಕ್ಕೆ ನಿಂತರೆ ಬಿಡದ ಇವಳನ್ನು ಮನೆಯಲ್ಲಿ ಕರೆಯುವುದೇ ವಕೀಲೆ ಎಂದು.

"ಅಮ್ಮ, ಸುಮ್ನೆ ಮಲಗಿದ್ದೀಯಲ್ಲ, ಹದಿಮೂರರ ಮಗ್ಗಿ ಒಪ್ಪಿಸ್ಲಾ?"

"ವ್ಯಾಯಾಮ ಮಾಡ್ತಿದೀನಿ ಕಣೇ."

"ಏನೂ ಅಲುಗಾಡ್ತಿಲ್ಲ."

"ಒಳಗೊಳಗೇ ಮಾಡ್ತಿದೀನಿ."

"ಸಾಕ್ಷಿ?"

ಬೆಕ್ಕಿನ ಹಾಗೆ ನಾಲ್ಕು ಕಾಲಲ್ಲಿ ನಿಂತು ಬೆನ್ನುಬ್ಬಿಸಿದರೆ ಚಿನಕುರುಳಿ ಮೇಲೇರಿ "ಹೋಗು ಕುದುರೆ!" ಎಂದಳು. ಯಜಮಾನರು ನನ್ನನ್ನು ಹೊಸ್ತಿಲಿನ ಹಾಗೆ ದಾಟಿಕೊಂಡು ಆಫೀಸಿಗೆ ಹೋದರು. ಆದರೂ ನಾನು ಹಿಡಿದ ಪಟ್ಟು ಬಿಡಲಿಲ್ಲ. ಶನಿವಾರ ಸಂಜೆಯ ಹೊತ್ತಿಗೆ ಬೆನ್ನು ರೂಲು ದೊಣ್ಣೆಯಂತಾಯಿತು. ವಕೀಲೆಯೇ ಗೋಡೆಗೆ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, "ನೆಟ್ಟಗಿದೆ" ಎಂದು ತೀರ್ಪಿತ್ತಳು.

ಭಾನುವಾರ ಒಂಬತ್ತು ಗಂಟೆ. ನಾದಿನಿ ಬರುವುದು ಹತ್ತಕ್ಕೆ. ಉಳಿದದ್ದು ಕೊನೆಯ ವ್ಯಾಯಾಮ: ಅಂಗಾತ ಮಲಗಿ, ಮಂಡಿ ಮಡಿಸಿ, ಕತ್ತನ್ನು ಎಡಕ್ಕೆ ತಿರುಗಿಸುವುದು. ತಿರುಗಿಸಿದೆ. ನೆಲದ ಮಟ್ಟದಿಂದ ಸೋಫಾದ ಅಡಿ ಸಂಪೂರ್ಣವಾಗಿ ಗೋಚರಿಸಿತು.

ಅದೊಂದು ಪುರಾತನ ನಾಗರಿಕತೆ. ಐದು ಕಾಲುಚೀಲ, ಯಜಮಾನರ ಪೆನ್ನು, ತಲೆಯಿಲ್ಲದ ಬೊಂಬೆ, ಮೀಸೆ ಬಂದ ಒಂದು ಬಿಸ್ಕತ್ತು, ಇವೆಲ್ಲದರ ಮೇಲೆ ಹದವಾಗಿ ಹೊದಿಸಿದ ಧೂಳು. ನಾದಿನಿ ಯಾವ ಮನೆಗೆ ಹೋದರೂ ಚಪ್ಪಲಿ ಬಿಟ್ಟ ತಕ್ಷಣ ಮಾಡುವ ಮೊದಲ ಕೆಲಸ ಸೋಫಾದ ಅಡಿ ಬಗ್ಗಿ ನೋಡುವುದು!

ಡಾಕ್ಟರಮ್ಮ ಹೇಳಿದ್ದು ಭಾರ ಎತ್ತಬಾರದು ಎಂದು. ಎಳೆಯಬಾರದು ಎಂದು ಹೇಳಿರಲಿಲ್ಲ. (ವಕೀಲೆ ಯಾರನ್ನು ಹೋಲುತ್ತಾಳೆಂದು ಈಗ ತಿಳಿಯಿತಲ್ಲ.) ಸೋಫಾವನ್ನು ಎಳೆದೆ.

ಟಕ್.

ಕರೆಗಂಟೆಯೂ ಆಗಲೇ ಆಗಬೇಕೆ! ವಾರ್ಡನ್ನುಗಳು ಅರ್ಧ ಗಂಟೆ ಮುಂಚೆಯೇ ಬರುತ್ತಾರೆಂಬುದು ನನಗೆ ಹೊಳೆಯಬೇಕಿತ್ತು. ಯಜಮಾನರು ಬಾಗಿಲು ತೆಗೆದರು. ಅಡ್ಡಡ್ಡವಾಗಿ ನಿಂತ ಸೋಫಾದ ಪಕ್ಕ ನಾನು ನಾಲ್ಕು ಕಾಲಲ್ಲಿದ್ದೆ.

"ಅತ್ತಿಗೆ, ಇದೇನು ಭಂಗಿ?"

"ಬೆಕ್ಕಿನ ಭಂಗಿ. ಕೊನೇ ವ್ಯಾಯಾಮ," ಎಂದೆ, ಹಲ್ಲು ಕಚ್ಚಿ ನಗುತ್ತ.

"ಸೋಫಾನೂ ವ್ಯಾಯಾಮ ಮಾಡ್ತಿದ್ಯಾ?"

"ಅತ್ತೆ, ಅಮ್ಮಂಗೆ ಟಕ್ ಅಂತು!" ಎಂದು ಚಿನಕುರುಳಿ ಸಿಡಿದಳು.

ಸೂಟ್‌ಕೇಸ್ ಒಳಗೆ ಬಂತು.

ನಾದಿನಿ ಸೋಫಾದ ಜಾಗವನ್ನು ನೋಡಿದಳು. ಬಿಸ್ಕತ್ತನ್ನು ನೋಡಿದಳು. ಅಣ್ಣನನ್ನು ನೋಡಿದಳು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿದಳು. "ಭಾರ ಸರಿಸೋದಕ್ಕೂ ಒಂದು ಶಾಸ್ತ್ರ ಇದೆ ಅತ್ತಿಗೆ. ಇನ್ನೂರು ಮಂಚ ಸರಿಸಿದ ಕೈ ಇದು. ಮಂಡಿ ಮಡಿಸ್ಬೇಕು, ಉಸಿರು ಬಿಗಿಹಿಡೀಬೇಕು, ಬೆನ್ನು ಮಾತ್ರ ಬಗ್ಗಿಸ್ಬಾರ್ದು. ಎಲ್ಲಾರೂ ಸಾಲಾಗಿ ನಿಂತು ನೋಡ್ಕೊಳ್ಳಿ."

ಸಾಲಾಗಿ ನಿಂತೆವು. (ನಾನು ನನ್ನ ಭಂಗಿಯಲ್ಲೇ.) ಸೋಫಾ ಅರ್ಧ ಗೇಣು ಸರಿಯಿತು. ಆಮೇಲೆ ಕೇಳಿದ ಶಬ್ದಕ್ಕೆ 'ಟಕ್' ಎಂದರೆ ಅಪಮಾನ. ಅದು ವಾರ್ಡನ್ ದರ್ಜೆಯ ಶಬ್ದ.

ಡಾಕ್ಟರಮ್ಮ ಮನೆಗೇ ಬಂದಳು. ಇಬ್ಬರನ್ನೂ ಅದುಮಿ, ಒತ್ತಿ, ತಿರುಗಿಸಿ ನೋಡಿದಳು. "ಇವರದು ಬರೀ ಮಾಂಸಖಂಡದ ಸೆಳೆತ. ಮಲಗಲೇಬಾರದು. ಚೆನ್ನಾಗಿ ಓಡಾಡ್ಬೇಕು, ನಡೀಬೇಕು," ಎಂದಳು ನನ್ನ ಕಡೆ ತೋರಿಸಿ. ನಾದಿನಿಯ ಕಡೆ ತಿರುಗಿ, "ಇವರಿಗೆ ಒಂದು ತಿಂಗಳು ಪ್ರಯಾಣ ಬೇಡ. ಎರಡು ಹೊತ್ತೂ ನೆಲದ ಮೇಲೆ ವ್ಯಾಯಾಮ," ಎಂದಳು.

ಮಂಗಳವಾರಕ್ಕೆ ನಾನು ನೆಟ್ಟಗಾದೆ. ನಾದಿನಿ ಈಗ ನಡುಮನೆಯ ನಟ್ಟನಡುವೆ ಮಲಗಿ ಆಡಳಿತ ನಡೆಸುತ್ತಿದ್ದಾಳೆ. ನಿಂತಾಗ ಅವಳಿಗೆ ಕಾಣದಿದ್ದದ್ದೆಲ್ಲ ಈಗ ಕಾಣುತ್ತಿದೆ.

"ಅತ್ತಿಗೆ, ಕಪಾಟಿನ ಕೆಳಗೆ, ಹಿಂದಿನ ಮೂಲೇಲಿ ಏನೋ ಇದೆ."

"ಏನೂ ಇಲ್ಲ."

"ನನಗೆ ಕಾಣ್ತಿದೆ. ವಕೀಲೆ, ಬರ್ಕೋ."

ನನಗೆ ಒಂದು ನಿಮಿಷ ನೆಮ್ಮದಿಯಾಗಿ ಮಲಗಲು ಬಿಡದ ಮಕ್ಕಳು ಅತ್ತೆಯ ಎಡಬಲಕ್ಕೆ ಕೈಕಟ್ಟಿ ಕೂರುತ್ತಾರೆ. ಒಬ್ಬಳು ಪಟ್ಟಿ ಬರೆಯುತ್ತಾಳೆ, ಇನ್ನೊಬ್ಬಳು "ಶ್!" ಎನ್ನುತ್ತಾಳೆ. "ಪಾಪ, ನಿನಗೋಸ್ಕರ ಓಡಿ ಬಂದವಳು, ಚೆನ್ನಾಗಿ ನೋಡ್ಕೋ," ಎನ್ನುತ್ತಾರೆ ಯಜಮಾನರು.

ನಿನ್ನೆ ನಾದಿನಿ ಮಲಗಿದಲ್ಲಿಂದಲೇ ಸುತ್ತಲೂ ಕಣ್ಣಾಡಿಸಿ, "ಮನೆ ಈಗ ಸ್ವಲ್ಪ ದಾರಿಗೆ ಬರ್ತಿದೆ. ಅರ್ಧಕ್ಕೆ ಬಿಟ್ಟು ಹೋಗೋಕೆ ಮನಸ್ಸಿಲ್ಲ," ಎಂದು ಇನ್ನೂ ಎರಡು ತಿಂಗಳ ರಜೆಗೆ ಅರ್ಜಿ ಬರೆಸಿದಳು. ಅದನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದದ್ದೂ ನಾನೇ. ನಡೆಯಬೇಕೆಂದು ಡಾಕ್ಟರಮ್ಮ ಹೇಳಿದ್ದಾಳಲ್ಲ!